ಸಹಕಾರಿ ಖಜಾನೆಯ ಕಾವಲು: ಒಂದು ಸಂವಿಧಾನ ವಿಚಾರ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಕೃಷಿಕರ ಬಾಳಿಗೂ ಸಹಕಾರ ಸಂಘಗಳಿಗೂ ಇರುವ ನಂಟು ಸರ್ವವಿದಿತವಾದುದು. ಅಡಿಕೆ, ಕಾಳುಮೆಣಸುಗಳ ಮಾರಾಟಕ್ಕೆ ತೋಟಗಾರ್ಸ್ ಸೇಲ್ ಸೊಸೈಟಿಯಿದೆ. ಗ್ರಾಮದ ಸಂಘಗಳಿಗೆ ಆರ್ಥಿಕ ಬೆನ್ನೆಲುಬಾಗಿ ಶಿರಸಿಯಲ್ಲಿ ಪ್ರಧಾನ ಕಚೇರಿಯುಳ್ಳ ಕೆನರಾ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿದೆ. ಇಲ್ಲಿ ಕೃಷಿಕನು ತನ್ನ ಸಂಘದ ಆಡಳಿತ ಮಂಡಳಿಯನ್ನು ಆರಿಸುವ ಸದಸ್ಯನೂ ಹೌದು, ಬೆವರಿನ ಗಳಿಕೆಯನ್ನು ನಂಬಿ ಇಟ್ಟ ಠೇವಣಿದಾರನೂ ಹೌದು. ಸದಸ್ಯನಿಗೆ ಸ್ವಾಯತ್ತತೆ ಬೇಕು. ಠೇವಣಿದಾರನಿಗೆ ಭದ್ರತೆ ಬೇಕು. ಹೀಗಿರಲು ಖಜಾನೆಯ ಕಾವಲು ಯಾರದೆಂಬ ಪ್ರಶ್ನೆ ಏಳುವುದು ಸಹಜ.

ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಸಹಕಾರ ಸಂಘಗಳು ರಾಜ್ಯಪಟ್ಟಿಯ 32ನೆಯ ನಮೂದಿಗೂ, ಬ್ಯಾಂಕಿಂಗ್ ಕೇಂದ್ರಪಟ್ಟಿಯ 45ನೆಯ ನಮೂದಿಗೂ ಸೇರಿವೆ. ಆದಕಾರಣ ಸಹಕಾರಿ ಬ್ಯಾಂಕಿಗೆ ಇಬ್ಬರು ಮೇಲ್ವಿಚಾರಕರು. ನೋಂದಣಿಯೇ ಮೊದಲಾದವು ರಾಜ್ಯದ ಸಹಕಾರ ಇಲಾಖೆಗೆ ಸೇರಿದವು; ಬ್ಯಾಂಕಿಂಗ್ ವ್ಯವಹಾರವು 1966ರ ಮಾರ್ಚ್ 1ರಿಂದ ರಿಜರ್ವ್ ಬ್ಯಾಂಕಿನ ಹತೋಟಿಗೆ ಬಂದಿತು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು ಮಾತ್ರ ಅದರ ಹೊರಗುಳಿದಿವೆ.

ಈ ಗಡಿರೇಖೆಯ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಸಹಕಾರಿ ಬ್ಯಾಂಕು ನಡೆಸುವ ಬ್ಯಾಂಕಿಂಗ್ ವ್ಯವಹಾರವು ಕೇಂದ್ರಪಟ್ಟಿಗೇ ಸೇರಿದುದೆಂದು ಐವರು ನ್ಯಾಯಮೂರ್ತಿಗಳ ಪೀಠವು 2020ರ ಮೇ 5ರಂದು ತೀರ್ಪಿತ್ತಿತು. ಅದೇ ವರ್ಷದ ತಿದ್ದುಪಡಿ ಕಾಯಿದೆಯು ರಿಜರ್ವ್ ಬ್ಯಾಂಕಿನ ಅಧಿಕಾರವನ್ನು ವಿಸ್ತರಿಸಿತು. ಆದರೆ 2021ರ ಜುಲೈ 20ರ ತೀರ್ಪು ತಕ್ಕಡಿಯ ಇನ್ನೊಂದು ತಟ್ಟೆಗೆ ತೂಕವಿತ್ತಿತು. ಆಡಳಿತ ಮಂಡಳಿಯ ನಿರ್ದೇಶಕರ ಸಂಖ್ಯೆ, ಅವಧಿಗಳನ್ನು ಕಟ್ಟುಪಡಿಸಿದ್ದ 97ನೆಯ ತಿದ್ದುಪಡಿಗೆ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ರಾಜ್ಯ ವಿಧಾನಮಂಡಲಗಳ ಸಮ್ಮತಿ ಪಡೆದಿರಲಿಲ್ಲ. ಆದ್ದರಿಂದ ಅದು ರಾಜ್ಯದೊಳಗಿನ ಸಂಘಗಳಿಗೆ ಅನ್ವಯಿಸದೆಂದೂ, ಬಹುರಾಜ್ಯ ಸಂಘಗಳಿಗೆ ಮಾತ್ರ ಉಳಿಯುವುದೆಂದೂ ಬಹುಮತದ ನಿರ್ಣಯವಾಯಿತು.

ಕಾವಲುಗಾರನ ರಚನೆಯನ್ನೇ ಪ್ರಶ್ನಿಸುವ ವಾದ ಅನ್ಯದೇಶಗಳಲ್ಲಿಯೂ ಉಂಟು. ಅಮೆರಿಕದಲ್ಲಿ ಗ್ರಾಹಕರ ಹಣಕಾಸು ರಕ್ಷಣಾ ಸಂಸ್ಥೆಯ ಏಕೈಕ ನಿರ್ದೇಶಕನನ್ನು ಅಧ್ಯಕ್ಷರು ಸಕಾರಣವಿಲ್ಲದೆ ತೆಗೆಯಲಾಗದೆಂಬ ನಿಯಮವನ್ನು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಅಸಿಂಧುಗೊಳಿಸಿತು. ಸಂಸ್ಥೆಯನ್ನು ಮಾತ್ರ ಉಳಿಸಿತು. ಅದರ ಹಣಕಾಸಿನ ಏರ್ಪಾಡನ್ನು 2024ರಲ್ಲಿ ಎತ್ತಿಹಿಡಿಯಿತು.

ಇವೆಲ್ಲದರ ಸಾರ ಒಂದೇ. ಕಾವಲು ಬೇಕು, ಆದರೆ ಕಾವಲುಗಾರನ ಅಧಿಕಾರವೂ ಸಂವಿಧಾನವು ತೋರಿದ ದಾರಿಯಲ್ಲಿಯೇ ಬರಬೇಕು. ಉದ್ದೇಶವು ಸಾಧುವಾದ ಮಾತ್ರಕ್ಕೆ ಕ್ರಮವನ್ನು ಮೀರಲಾಗದು. ನ್ಯಾಯಾಲಯವು ಎಲ್ಲೆಯನ್ನು ಗುರುತಿಸಬಲ್ಲುದೇ ಹೊರತು ಪ್ರತಿ ಸಂಘದ ಲೆಕ್ಕಪತ್ರವನ್ನು ನೋಡಲಾರದು. ಆ ಹೊಣೆ ವಾರ್ಷಿಕ ಮಹಾಸಭೆಯಲ್ಲಿ ಎದ್ದುನಿಂತು ಪ್ರಶ್ನೆ ಕೇಳುವ ಸದಸ್ಯನದು. ಅಂತಹ ಸದಸ್ಯನನ್ನು ರೂಪಿಸುವ ಕಾರ್ಯವು ಶಾಲೆಯಿಂದಲೇ ಆರಂಭವಾಗತಕ್ಕದ್ದು.