ಬೀಳುವ ಗುಂಡು, ಆಲಿಸುವ ಫೋನು

ಎತ್ತರದಿಂದ ಬಿಟ್ಟ ವಸ್ತುವು ಎಷ್ಟು ಕಾಲದಲ್ಲಿ ನೆಲವನ್ನು ಮುಟ್ಟುವುದು? ಪ್ರಶ್ನೆ ಸರಳವಾದುದು, ಅಳತೆ ಸುಲಭವಲ್ಲ. 1 ಮೀಟರ್ ಎತ್ತರದಿಂದ ಬೀಳುವ ಉಕ್ಕಿನ ಗುಂಡಿಗೆ ಬೇಕಾಗುವ ಕಾಲ ಕೇವಲ 0.45 ಸೆಕೆಂಡು. ಕಣ್ಣಿನಿಂದ ಕಂಡುದಕ್ಕೆ ಕೈಯು ಓಗೊಟ್ಟು ಸ್ಟಾಪ್‌ವಾಚನ್ನು ಒತ್ತುವಷ್ಟರಲ್ಲಿಯೇ ಸುಮಾರು 0.2 ಸೆಕೆಂಡು ಕಳೆದಿರುತ್ತದೆ. ಕಾಲದ ಅಳತೆಯಲ್ಲಿ 0.1 ಸೆಕೆಂಡಿನಷ್ಟು ತಪ್ಪಿದರೂ ಸಾಕು, ಗುರುತ್ವ ವೇಗೋತ್ಕರ್ಷದ ಬೆಲೆ 9.8ರ ಬದಲು 16 ಎಂದೋ 6.6 ಎಂದೋ ಬರುವುದು.

ಗೆಲಿಲಿಯೋ ಈ ತೊಡಕನ್ನು ಬಲ್ಲವನಾಗಿದ್ದನು. ಆತನು ಗುಂಡನ್ನು ಇಳಿಜಾರಾದ ಹಲಗೆಯ ಮೇಲೆ ಉರುಳಬಿಟ್ಟು, ಆ ಅವಧಿಯಲ್ಲಿ ಪಾತ್ರೆಯಿಂದ ಸಣ್ಣ ಧಾರೆಯಾಗಿ ಸುರಿದ ನೀರನ್ನು ತೂಗಿ ಕಾಲವನ್ನು ಅಳೆದ ಬಗೆಯನ್ನು 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಚಲನೆಯನ್ನೇ ನಿಧಾನಗೊಳಿಸುವುದು ಆತನ ಉಪಾಯ. ಗಡಿಯಾರವನ್ನೇ ಚುರುಕುಗೊಳಿಸುವುದು ಇಂದು ನಮಗೆ ದೊರೆತಿರುವ ಉಪಾಯ.

ಜರ್ಮನಿಯ ಆಖನ್ ನಗರದ ತಾಂತ್ರಿಕ ವಿಶ್ವವಿದ್ಯಾನಿಲಯದವರು 2016ರಲ್ಲಿ 'ಫೈಫಾಕ್ಸ್' ಎಂಬ ಆ್ಯಪನ್ನು ಹೊರತಂದರು. ಇದಕ್ಕೆ ಬೆಲೆಯಿಲ್ಲ. ಫೋನಿನಲ್ಲಿ ಅಡಗಿರುವ ಸೂಕ್ಷ್ಮ ಉಪಕರಣಗಳನ್ನು ಇದು ಪ್ರಯೋಗಕ್ಕೆ ಒದಗಿಸುತ್ತದೆ. ಶಬ್ದದಿಂದ ನಡೆಯುವ ಸ್ಟಾಪ್‌ವಾಚ್ ಇದರಲ್ಲಿರುವ ಸಾಧನಗಳಲ್ಲಿ ಒಂದು. ಮೊದಲ ಸದ್ದಿಗೆ ಅದು ಓಡತೊಡಗುವುದು. ಎರಡನೆಯ ಸದ್ದಿಗೆ ನಿಲ್ಲುವುದು. ಅನೇಕ ಫೋನುಗಳಲ್ಲಿ ಶಬ್ದವು ಸೆಕೆಂಡಿಗೆ 48,000 ಬಾರಿ ಅಳೆಯಲ್ಪಡುವುದರಿಂದ, ಕೈಗೆ ಸಾಧ್ಯವಾಗದ ಸೂಕ್ಷ್ಮತೆ ಇಲ್ಲಿ ಸಾಧ್ಯವಾಗಿದೆ.

ತರಗತಿಯಲ್ಲಿ ನಾವು ಇದನ್ನು ಹೀಗೆ ಬಳಸುತ್ತೇವೆ. ಮೇಜಿನ ಅಂಚಿನಿಂದ ಹೊರಚಾಚಿದ ಮರದ ಅಳತೆಪಟ್ಟಿಯ ತುದಿಯಲ್ಲಿ ಗುಂಡನ್ನಿಟ್ಟು, ಅದರ ನೇರ ಕೆಳಗೆ ಲೋಹದ ತಟ್ಟೆಯೊಂದನ್ನು ಬೋರಲಾಗಿ ಇಡಬೇಕು. ಪಟ್ಟಿಯನ್ನು ಪಕ್ಕದಿಂದ ಸುತ್ತಿಗೆಯಲ್ಲಿ ಚುರುಕಾಗಿ ಹೊಡೆದರೆ ಅದು ಸರಿದುಹೋಗಿ ಗುಂಡು ಬೀಳುತ್ತದೆ. ಹೊಡೆತದ ಸದ್ದು ಆರಂಭ. ತಟ್ಟೆಯ ಸದ್ದು ಅಂತ್ಯ. ನಡುವೆ ಯಾರಾದರೂ ಕೆಮ್ಮಿದರೆ ಗಡಿಯಾರ ಆಗಲೇ ನಿಲ್ಲಬಹುದು. ಆದುದರಿಂದ ಈ ಪ್ರಯೋಗದಲ್ಲಿ ಮೌನವೂ ಒಂದು ಉಪಕರಣವೇ!

ಈಗ ಮುಖ್ಯವಾದ ಪ್ರಶ್ನೆ: ಫೋನನ್ನು ಎಲ್ಲಿಡಬೇಕು? ಶಬ್ದವು 1 ಮೀಟರ್ ಚಲಿಸಲು ಸುಮಾರು 0.003 ಸೆಕೆಂಡು ಬೇಕು. ಫೋನು ತಟ್ಟೆಯ ಪಕ್ಕದಲ್ಲಿದ್ದರೆ ಮೊದಲ ಸದ್ದು ತಡವಾಗಿ ತಲಪುವುದು. ಅಳೆದ ಕಾಲ ಕಡಿಮೆಯಾಗಿ, ಉತ್ತರ 9.93ರ ಸಮೀಪಕ್ಕೆ ಏರುವುದು. ಫೋನು ಮೇಲೆ ಪಟ್ಟಿಯ ಬಳಿಯಿದ್ದರೆ ಎರಡನೆಯ ಸದ್ದು ತಡವಾಗಿ, ಉತ್ತರ 9.67ರ ಸಮೀಪಕ್ಕೆ ಇಳಿಯುವುದು. ಎರಡು ಸಂದರ್ಭಗಳಲ್ಲಿಯೂ ಪರದೆಯ ಮೇಲೆ ಅಂಕಿಗಳು ಅಷ್ಟೇ ಸ್ಪಷ್ಟವಾಗಿ ಮೂಡುತ್ತವೆ! ಎರಡೂ ಸದ್ದುಗಳಿಗೆ ಸಮದೂರದಲ್ಲಿ, ಅರ್ಧ ಎತ್ತರದ ಪೀಠದ ಮೇಲೆ ಫೋನನ್ನಿಟ್ಟರೆ ತಡಗಳೆರಡೂ ಸಮವಾಗಿ, ದೋಷವು ತಾನಾಗಿಯೇ ಕಳೆದುಹೋಗುತ್ತದೆ.

ಹೊಸ ಸಾಧನದಿಂದ ವಿದ್ಯಾರ್ಥಿಯು ಕಲಿಯಬೇಕಾದುದು ಇದೇ. ಸಾಧನವು ಸಂಖ್ಯೆಯನ್ನು ಕೊಡುತ್ತದೆ; ಆ ಸಂಖ್ಯೆ ಯಾವುದರ ಅಳತೆ ಎಂಬುದನ್ನು ನಿರ್ಣಯಿಸಬೇಕಾದವನು ಪ್ರಯೋಗಕರ್ತ. ದಶಮಾಂಶ ಸ್ಥಾನಗಳು ಹೆಚ್ಚಿದ ಮಾತ್ರಕ್ಕೆ ಸತ್ಯಾಂಶ ಹೆಚ್ಚುವುದಿಲ್ಲ.

ವಾಚಕರು ಒಂದು ಲೆಕ್ಕವನ್ನು ಮಾಡಿ ನೋಡಬಹುದು. ಎತ್ತರವನ್ನು 4 ಮೀಟರಿಗೆ ಏರಿಸಿದರೆ ಬೀಳುವ ಕಾಲ ಎರಡರಷ್ಟಾಗುತ್ತದೆ. ಶಬ್ದದ ತಡವಾದರೋ ನಾಲ್ಕರಷ್ಟಾಗುತ್ತದೆ. ಹಾಗಿದ್ದಲ್ಲಿ, ಫೋನನ್ನು ತಟ್ಟೆಯ ಬಳಿಯಲ್ಲೇ ಇಟ್ಟು ಎತ್ತರವನ್ನು ಹೆಚ್ಚಿಸುತ್ತ ಹೋದರೆ ಉತ್ತರವು 9.8ಕ್ಕೆ ಹತ್ತಿರವಾಗುವುದೋ, ದೂರವಾಗುವುದೋ?