ಹಂದಿಗೋಡು ಕಾಯಿಲೆ: ದಂಪತಿಗಳು ತಿಳಿದಿರಬೇಕಾದ ಸಂಗತಿಗಳು

ಒಂದೇ ಮನೆಯಲ್ಲಿ ತಂದೆ ಕುಂಟುತ್ತಾ ನಡೆಯುವುದು, ಕೆಲವು ವರ್ಷಗಳ ನಂತರ ಮಗನಿಗೂ ಅದೇ ನೋವು ಬರುವುದು, ಇದನ್ನು ಕಂಡವರು ನಾಗದೋಷವೆಂದೋ, ಚೌಡಿಯ ಮುನಿಸೆಂದೋ, ಯಾರೋ ಮಾಡಿಸಿದ ಮಾಟವೆಂದೋ ಭಾವಿಸುವುದುಂಟು. ಹಲವೆಡೆ ಸೊಸೆಯ ಕಾಲ್ಗುಣವನ್ನು ದೂರುವುದೂ ಉಂಟು. ಇವು ಯಾವುವೂ ಕಾರಣವಲ್ಲ. ಇದು ದೇಹದ ರೋಗ. ವಂಶದಲ್ಲಿ ಹರಿದು ಬರುವ ಮೂಳೆ ಮತ್ತು ಕೀಲುಗಳ ರೋಗ.

ರೋಗ ಕಂಡುಬಂದ ಬಗೆ

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1974-75ರ ಸುಮಾರಿಗೆ ಈ ರೋಗವು ವೈದ್ಯರ ಗಮನಕ್ಕೆ ಬಂದಿತು. ಆ ಊರಿನ ಹೆಸರೇ ರೋಗಕ್ಕೂ ಬಂದಿತು. ಮುಂದೆ ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಬೇರೆ ಹಳ್ಳಿಗಳಲ್ಲಿಯೂ ರೋಗಿಗಳು ಕಂಡುಬಂದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1977ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ಕರೆದು ವರದಿ ಮಾಡಿದರು.

ಗದ್ದೆಗೆ ಹೊಡೆದ ಕೀಟನಾಶಕವು ಏಡಿಗಳಲ್ಲಿ ಸೇರಿ, ಅವನ್ನು ತಿಂದವರಿಗೆ ರೋಗ ಬಂದಿತೇ ಎಂಬ ಶಂಕೆ ಮೊದಲು ಇದ್ದಿತು. ಆದರೆ ಒಂದೇ ಊರಿನ ನೀರು ಕುಡಿದು, ಒಂದೇ ಬಗೆಯ ಊಟ ಮಾಡುವವರಲ್ಲಿ ಕೆಲವು ಮನೆತನಗಳಿಗೆ ಮಾತ್ರ ರೋಗವೇಕೆ? ರೋಗವಿದ್ದ ಕುಟುಂಬಗಳ ವಂಶಾವಳಿಯನ್ನು ಬರೆದು ನೋಡಿದಾಗ ಅದು ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ, ಪೀಳಿಗೆಯಿಂದ ಪೀಳಿಗೆಗೆ ಇಳಿದು ಬಂದಿರುವುದು ತಿಳಿಯಿತು.

ರೋಗದ ಲಕ್ಷಣಗಳು

ಸೊಂಟದ ಕೀಲು ಮತ್ತು ಮೊಣಕಾಲುಗಳಲ್ಲಿ ನೋವು ಮುಖ್ಯ ಲಕ್ಷಣ. ಕ್ರಮೇಣ ಕೀಲುಗಳು ಸವೆದು ನಡಿಗೆ ಓಲಾಡುತ್ತದೆ. ಕುಕ್ಕುರುಗಾಲಲ್ಲಿ ಕೂರುವುದು, ಏಳುವುದು ಕಷ್ಟವಾಗುತ್ತದೆ. ಕೆಲವರು ಎತ್ತರ ಬೆಳೆಯದೆ ಗಿಡ್ಡರಾಗಿ ಉಳಿಯುತ್ತಾರೆ. ರೋಗದಿಂದ ಬುದ್ಧಿ ಕುಂದುವುದಿಲ್ಲ. ಮುಟ್ಟುವುದರಿಂದಾಗಲಿ, ಜೊತೆಯಲ್ಲಿ ಉಣ್ಣುವುದರಿಂದಾಗಲಿ, ಒಂದೇ ಹಾಸಿಗೆಯಲ್ಲಿ ಮಲಗುವುದರಿಂದಾಗಲಿ ಇದು ಹರಡುವುದಿಲ್ಲ.

ಮಕ್ಕಳಿಗೆ ಹೇಗೆ ಬರುತ್ತದೆ?

ನಮ್ಮ ದೇಹದ ಗುಣಗಳನ್ನು ನಿರ್ಧರಿಸುವ ವಂಶವಾಹಿಗಳು ಜೋಡಿಯಾಗಿರುತ್ತವೆ. ಪ್ರತಿ ಜೋಡಿಯಲ್ಲಿ ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು. ಈ ರೋಗದಲ್ಲಿ ಜೋಡಿಯ ಒಂದೇ ವಂಶವಾಹಿ ಕೆಟ್ಟಿದ್ದರೂ ರೋಗ ಬರುತ್ತದೆ. ರೋಗವಿರುವ ತಂದೆ ಅಥವಾ ತಾಯಿ ತಮ್ಮ ಜೋಡಿಯಲ್ಲಿ ಒಂದನ್ನು ಮಾತ್ರ ಮಗುವಿಗೆ ಕೊಡುತ್ತಾರೆ. ಅದು ಕೆಟ್ಟದ್ದೂ ಆಗಬಹುದು, ಒಳ್ಳೆಯದೂ ಆಗಬಹುದು. ಆದುದರಿಂದ ದಂಪತಿಗಳಲ್ಲಿ ಒಬ್ಬರಿಗೆ ರೋಗವಿದ್ದರೆ ಪ್ರತಿ ಮಗುವಿಗೂ ರೋಗ ಬರುವ ಸಂಭವ ಅರ್ಧಕ್ಕರ್ಧ. ಇಬ್ಬರಿಗೂ ಇದ್ದರೆ ನಾಲ್ಕರಲ್ಲಿ ಮೂರು ಪಾಲು. ಗಂಡು ಮಗುವಿಗೂ ಹೆಣ್ಣು ಮಗುವಿಗೂ ಸಂಭವ ಒಂದೇ.

ಇದರ ಅರ್ಥವನ್ನು ಸರಿಯಾಗಿ ಗ್ರಹಿಸಬೇಕು. ಮೊದಲ ಮಗುವಿಗೆ ರೋಗ ಬಂದಿದೆ, ಎರಡನೆಯದು ಖಂಡಿತ ಚೆನ್ನಾಗಿರುತ್ತದೆ ಎಂದು ಲೆಕ್ಕ ಹಾಕುವಂತಿಲ್ಲ. ನಾಣ್ಯವನ್ನು ಪ್ರತಿ ಸಲ ಹೊಸದಾಗಿ ಚಿಮ್ಮಿದಂತೆ ಪ್ರತಿ ಬಸಿರಿನಲ್ಲಿಯೂ ಸಂಭವ ಹೊಸದಾಗಿಯೇ ಇರುತ್ತದೆ. ಹಾಗೆಯೇ ಕೆಟ್ಟ ವಂಶವಾಹಿಯನ್ನು ಪಡೆಯದ ಮಗುವಿನಿಂದ ಮುಂದಿನ ಪೀಳಿಗೆಗೆ ಈ ರೋಗ ಹೋಗುವುದಿಲ್ಲ.

ಸಂಬಂಧದ ಹೊರಗೆ ಹೆಣ್ಣು ತಂದರೆ ರೋಗ ತಪ್ಪುವುದೇ ಎಂದು ಹಲವರು ಕೇಳುತ್ತಾರೆ. ರೋಗವಿರುವವರು ದೂರದ ಊರಿನ ಆರೋಗ್ಯವಂತರನ್ನು ಮದುವೆಯಾದರೂ ಅರ್ಧಕ್ಕರ್ಧ ಸಂಭವ ಉಳಿದೇ ಇರುತ್ತದೆ. ಆದರೆ ರೋಗವಿರುವ ಮನೆತನದೊಳಗೇ ಸಂಬಂಧ ಬೆಳೆಸಿದಾಗ ಗಂಡಹೆಂಡಿರಿಬ್ಬರಲ್ಲಿಯೂ ಅದೇ ರೋಗವಿರುವ ಅಪಾಯ ಹೆಚ್ಚು.

ದಂಪತಿಗಳು ಏನು ಮಾಡಬೇಕು?

1. ಮನೆಯಲ್ಲಿ ಯಾರಿಗಾದರೂ ಇಂಥ ನೋವು, ಓಲಾಟದ ನಡಿಗೆ ಇದ್ದರೆ ಮುಚ್ಚಿಡಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಿಳಿಸಿ. ಎಕ್ಸ್‌ರೇ ತೆಗೆಸಿದರೆ ಕೀಲುಗಳ ಸ್ಥಿತಿ ತಿಳಿಯುತ್ತದೆ.

2. ಮಗು ಬೇಕೆ, ಎಷ್ಟು ಮಕ್ಕಳು ಬೇಕು, ಯಾವಾಗ ಬೇಕು ಎಂಬುದನ್ನು ಬಸಿರಾಗುವ ಮುಂಚೆಯೇ ಗಂಡಹೆಂಡತಿ ಕುಳಿತು ಮಾತನಾಡಿ. ನಿರೋಧ್, ಮಾತ್ರೆ, ಕಾಪರ್-ಟಿ ಮುಂತಾದವು ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುತ್ತವೆ. ನಿರ್ಧಾರ ನಿಮ್ಮಿಬ್ಬರದು, ಅತ್ತೆಮಾವಂದಿರಾಗಲಿ, ಆರೋಗ್ಯ ಸಿಬ್ಬಂದಿಯಾಗಲಿ ಬಲವಂತ ಮಾಡುವಂತಿಲ್ಲ.

3. ರೋಗವನ್ನು ಬುಡಸಮೇತ ಕಳೆಯುವ ಔಷಧಿಯಿಲ್ಲ. ಹಾಗೆ ಹೇಳಿ ಹಣ ಕೀಳುವವರನ್ನು ನಂಬಿ ಸಾಲ ಮಾಡಬೇಡಿ. ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನವೂ ನುಂಗಿದರೆ ಹೊಟ್ಟೆ ಮತ್ತು ಮೂತ್ರಪಿಂಡಗಳಿಗೆ ಹಾನಿ. ವೈದ್ಯರು ಹೇಳಿದಷ್ಟೇ ತೆಗೆದುಕೊಳ್ಳಿ.

4. ರೋಗಿಗೆ ಭಾರ ಹೊರುವ ಕೆಲಸ ಬೇಡ. ಕೂರಲು ಎತ್ತರದ ಪೀಠ, ನಡೆಯಲು ಊರುಗೋಲು, ಶೌಚಕ್ಕೆ ಎತ್ತರದ ಆಸನ ಒದಗಿಸಿ. ಕೀಲು ತೀರಾ ಸವೆದಿದ್ದರೆ ಶಸ್ತ್ರಚಿಕಿತ್ಸೆಯಿಂದ ಅನುಕೂಲವಾಗುವುದೇ ಎಂಬುದನ್ನು ಮೂಳೆ ತಜ್ಞರು ಪರೀಕ್ಷಿಸಿ ಹೇಳುವರು.

5. ಮಗುವನ್ನು ಶಾಲೆ ಬಿಡಿಸಬೇಡಿ. ಗದ್ದೆ, ತೋಟದ ಕೂಲಿ ಮಾಡಲಾಗದವರಿಗೆ ಕುಳಿತು ಮಾಡುವ ಉದ್ಯೋಗ ಬೇಕು; ಅದಕ್ಕೆ ಓದು ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಚಲನವಲನದ ನ್ಯೂನತೆಯೂ ಕುಬ್ಜತೆಯೂ ಸೇರಿವೆ. ಅರ್ಹರು ಸರ್ಕಾರಿ ಆಸ್ಪತ್ರೆಯ ಮೂಲಕ ಅಂಗವಿಕಲತೆಯ ಪ್ರಮಾಣಪತ್ರ ಪಡೆಯಬಹುದು.

ಯಾರ ಕೆಟ್ಟ ವಂಶವಾಹಿ ಮಗುವಿಗೆ ಬಂದಿತೆಂದು ಜಗಳವಾಡುವುದರಿಂದ ಯಾರಿಗೂ ಹಿತವಿಲ್ಲ. ಕೊಡುವುದಾಗಲಿ ತಡೆಯುವುದಾಗಲಿ ತಂದೆತಾಯಿಯರ ಕೈಯಲ್ಲಿಲ್ಲ. ಮುಂಚಿತವಾಗಿ ತಿಳಿದು, ಒಮ್ಮನಸ್ಸಿನಿಂದ ನಿರ್ಧರಿಸಿ, ಹುಟ್ಟಿದ ಮಗುವನ್ನು ಅಕ್ಕರೆಯಿಂದ ಬೆಳೆಸುವುದು ಮಾತ್ರ ನಿಮ್ಮ ಕೈಯಲ್ಲಿದೆ.