ಏಳಲಾರದ ರಾಸು: ಕೊನೆಯ ದಿನಗಳ ಆರೈಕೆ



ಕರುವಿನ ಪಾಲನೆ, ಗಬ್ಬದ ಆಕಳಿನ ಆಹಾರ, ಕೆಚ್ಚಲು ಬಾವು ಇವುಗಳ ಬಗ್ಗೆ ಸಾಕಷ್ಟು ಓದಿದ್ದೀರಿ, ಕೇಳಿದ್ದೀರಿ. ಹಾಲು ಬತ್ತಿ, ವಯಸ್ಸಾಗಿ, ಇಲ್ಲವೆ ವಾಸಿಯಾಗದ ಬೇನೆ ಹತ್ತಿ ಮಲಗಿದ ರಾಸಿನ ಬಗ್ಗೆ ಮಾತ್ರ ನಾವು ಹೆಚ್ಚು ಮಾತಾಡುವುದಿಲ್ಲ. ಡಂಬಳವೆಂದರೆ ದೊಡ್ಡಬಸಪ್ಪನ ಊರು. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚುವವರು, ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಬಸವಣ್ಣನನ್ನು ಜಗಲಿಯ ಮೇಲಿಟ್ಟು ಪೂಜಿಸುವವರು ನಾವು. ಅದೇ ಎತ್ತು ತೊಡೆ ಮುರಿದು ಬಿದ್ದಾಗ, ಹಿತ್ತಲದ ಮೂಲೆಯಲ್ಲಿ 'ತಾನಾಗಿ ಹೋಗಲಿ' ಎಂದು ಮೇವು ನೀರು ಬಿಟ್ಟು ನಾಲ್ಕೈದು ದಿನ ಕಾಯುವುದೂ ಉಂಟು. ಪಾಪ ತಟ್ಟಬಾರದೆಂಬ ಭಯದಿಂದಲೇ ಹಾಗೆ ಮಾಡುತ್ತಾರೆ. ಆದರೆ ಬಿಸಿಲಿನಲ್ಲಿ ಬಾಯಾರಿ ಸಾಯುವ ಪ್ರಾಣಿಗೆ ಅದರಿಂದ ಯಾವ ಸುಖ?

ಮೊದಲು ಒಂದು ಮಾತು. ಬಿದ್ದ ರಾಸೆಲ್ಲ ಸಾಯುವ ರಾಸಲ್ಲ. ಮೂರನೆಯ ಅಥವಾ ನಂತರದ ಸೂಲಿನ ಹೆಚ್ಚು ಹಾಲಿನ ಆಕಳು ಈದ ಎರಡು ಮೂರು ದಿನಗಳೊಳಗೆ ಕುಸಿದು, ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿ, ಕಿವಿ ತಣ್ಣಗಾಗಿ ಮಲಗಿದ್ದರೆ ಅದು ಬಹುತೇಕ ಹಾಲು ಜ್ವರ. ಜ್ವರವೆಂದು ಹೆಸರಿದ್ದರೂ ಮೈ ಬಿಸಿ ಇರುವುದಿಲ್ಲ. ರಕ್ತದಲ್ಲಿ ಸುಣ್ಣದಂಶ ಇಳಿದಿರುತ್ತದೆ. ಪಶುವೈದ್ಯರು ರಕ್ತನಾಳದ ಮೂಲಕ ನಿಧಾನವಾಗಿ ಕ್ಯಾಲ್ಸಿಯಂ ಕೊಟ್ಟರೆ ಅನೇಕ ಆಕಳುಗಳು ಕೆಲವೇ ತಾಸಿನಲ್ಲಿ ಎದ್ದು ನಿಲ್ಲುತ್ತವೆ. ತಡವಾದರೆ ಆಕಳಿನ ಭಾರಕ್ಕೆ ಅದರದೇ ತೊಡೆಯ ಸ್ನಾಯು ಜಜ್ಜಿಹೋಗಿ, ಸುಣ್ಣದಂಶ ಸರಿಯಾದ ಮೇಲೂ ಏಳಲಾರದು. ಆದ್ದರಿಂದ ಆಶೆ ಬಿಡುವ ಮಾತು ಪಶುವೈದ್ಯರು ನೋಡಿದ ನಂತರವೇ ಬರಬೇಕು. 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಚಿಕಿತ್ಸಾ ವಾಹನಕ್ಕೂ ತಿಳಿಸಬಹುದು.

ಮಲಗಿದ ರಾಸು ಬದುಕಲಿ, ಬಿಡಲಿ, ಆರೈಕೆ ಒಂದೇ. ಕಲ್ಲುಹಾಸಿನ ಮೇಲೆ ಬಿಡಬೇಡಿ. ಹೊಟ್ಟು, ಕಣಿಕೆಯ ಸಿಪ್ಪೆ, ಒಣ ಹುಲ್ಲು ಯಾವುದಾದರೂ ಸರಿ, ಮೊಳದುದ್ದ ದಪ್ಪಗೆ ಹಾಸಿರಿ. ಹಳ್ಳದ ಉಸುಕು ಇನ್ನೂ ಒಳ್ಳೆಯದು, ಮೂತ್ರ ಇಂಗಿ ಹೋಗುತ್ತದೆ. ಪೂರ್ತಿ ಪಕ್ಕಕ್ಕೆ ಬಿದ್ದರೆ ಹೊಟ್ಟೆ ಉಬ್ಬಿ ಉಸಿರು ಕಟ್ಟುತ್ತದೆ. ಆದ್ದರಿಂದ ಎದೆಯ ಮೇಲೆ ಕುಳ್ಳಿರಿಸಿ ಎರಡೂ ಬದಿಗೆ ಹೊಟ್ಟು ತುಂಬಿದ ಚೀಲ ಆನಿಸಬೇಕು. ಮೂರು ನಾಲ್ಕು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಇದು ಒಬ್ಬರ ಕೆಲಸವಲ್ಲ. ಓಣಿಯ ನಾಲ್ವರು ಬೇಕು. ಮಗ್ಗುಲು ಬದಲಿಸದ ರಾಸಿನ ಸೊಂಟದ ಎಲುಬು, ಮೊಣಕಾಲ ಬಳಿ ಚರ್ಮ ಕೊಳೆತು ಹುಣ್ಣಾಗುತ್ತದೆ, ನೊಣ ಕೂತು ಹುಳ ಬೀಳುತ್ತದೆ. ಮೂಲ ಬೇನೆಗಿಂತ ಈ ಹುಣ್ಣೇ ಹೆಚ್ಚು ನರಳಿಸುವುದನ್ನು ಎಷ್ಟೋ ಕಡೆ ಕಾಣುತ್ತೇವೆ. ಹುಣ್ಣಿನ ಸುತ್ತ ಬೇವಿನ ಎಣ್ಣೆ ಸವರಿದರೆ ನೊಣ ದೂರವಿರುತ್ತದೆ.

ನೀರನ್ನು ಬಕೆಟ್ಟಿನಲ್ಲಿ ಮುಖದ ಹತ್ತಿರ ಹಿಡಿಯಿರಿ, ದಿನಕ್ಕೆ ಐದಾರು ಸಲ. ಹಸಿ ಮೇವನ್ನು ಕೈಯಿಂದಲೇ ತಿನ್ನಿಸಿ. ಗೊಟ್ಟದಿಂದ ಗಂಜಿ, ಎಣ್ಣೆ ಸುರಿಯುವುದು ಬೇಡ. ಬಸವಳಿದ ರಾಸು ನುಂಗಲಾರದೆ ಅದು ಶ್ವಾಸಕೋಶಕ್ಕೆ ಇಳಿದರೆ ಇರುವ ದಿನವೂ ಹೋಗುತ್ತದೆ. ಜೊಲ್ಲು ಸುರಿಸುತ್ತ, ನುಂಗಲಾಗದೆ, ವಿಚಿತ್ರವಾಗಿ ಒದರುತ್ತಿದ್ದರೆ ಬಾಯೊಳಗೆ ಕೈ ಹಾಕಲೇಬೇಡಿ. ಹುಚ್ಚುನಾಯಿ ರೋಗದ ಆಕಳೂ ಹೀಗೇ ಕಾಣುತ್ತದೆ.

ದನ ತನ್ನ ನೋವನ್ನು ಕೂಗಿ ಹೇಳುವುದು ಕಡಿಮೆ. ಹಲ್ಲು ಕಡಿಯುವುದು, ಉಸಿರು ಬಿಡುವಾಗ ನರಳುವುದು, ಮೆಲುಕು ನಿಲ್ಲುವುದು, ಮೇವು ಮುಂದಿದ್ದರೂ ಕಣ್ಣು ಎತ್ತದಿರುವುದು, ಇವೇ ಅದರ ಮಾತು. ತೊಡೆಯ ಎಲುಬು ಮುರಿದ ದೊಡ್ಡ ಎತ್ತು, ತಲೆಯೊಳಗೆ ಹಬ್ಬಿದ ಕೋಡಿನ ಕ್ಯಾನ್ಸರ್, ನುಂಗಿದ ತಂತಿ ಹೃದಯದ ಚೀಲಕ್ಕೆ ಚುಚ್ಚಿ ಎದೆಯ ಮುಂಭಾಗ ಬಾತ ಆಕಳು ಇಂಥವಕ್ಕೆ ಗುಣವಾಗುವ ದಾರಿ ಬಹಳ ಕಿರಿದು. ಕೋಡಿನ ಕ್ಯಾನ್ಸರಿಗೆ ಆರಂಭದಲ್ಲೇ ಶಸ್ತ್ರಚಿಕಿತ್ಸೆ ಉಂಟು, ಆದ್ದರಿಂದ ಕೋಡು ಒಂದು ಕಡೆ ವಾಲಿದೊಡನೆ ತೋರಿಸಿ.

ಗುಣವಿಲ್ಲ, ನೋವು ಇಳಿಯುವುದಿಲ್ಲ ಎಂದಾದಾಗ ದಯಾಮರಣದ ಮಾತು ಬರುತ್ತದೆ. ಹೈನು ಸಾಕುವವರ ಬಾಯಲ್ಲಿ ಈ ಶಬ್ದ ಬರುವುದು ಕಷ್ಟವೇ. ಗಾಂಧೀಜಿಯವರಿಗೂ ಕಷ್ಟವಾಗಿತ್ತು. 1927ರಲ್ಲಿ ಬೆಂಗಳೂರಿನ ಸರ್ಕಾರಿ ಡೈರಿ ಸಂಸ್ಥೆಯಲ್ಲಿ ದನಗಳ ಪಾಲನೆಯನ್ನು ಆಸಕ್ತಿಯಿಂದ ನೋಡಿ ಕಲಿತವರು ಅವರು. ಮರುವರ್ಷ, 1928ರಲ್ಲಿ, ಸಾಬರಮತಿ ಆಶ್ರಮದ ಒಂದು ಕರು ಮಲಗಿದಲ್ಲೇ ನರಳತೊಡಗಿತು. ಉಪಾಯವಿಲ್ಲವೆಂದು ವೈದ್ಯರು ಕೈಬಿಟ್ಟ ಮೇಲೆ, ಆಶ್ರಮದವರೊಡನೆ ಚರ್ಚಿಸಿ, ತಾವು ಎದುರಿಗೆ ಇದ್ದು, ಚುಚ್ಚುಮದ್ದು ಕೊಡಿಸಿದರು. ಅದನ್ನು ಮುಚ್ಚಿಡದೆ ತಮ್ಮ ಪತ್ರಿಕೆಯಲ್ಲಿ ಬರೆದರು; ಸಿಟ್ಟಿನ ಪತ್ರಗಳು ಬಂದವು. ಆ ಕರುವಿನ ನೋವು ತಗ್ಗಿಸಲು ಬೇರೆ ದಾರಿ ಇರಲಿಲ್ಲವೆಂಬುದೇ ಅವರ ಉತ್ತರವಾಗಿತ್ತು. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಒಪ್ಪದವರು ಕೊನೆಯ ಉಸಿರಿನವರೆಗೆ ಮೇಲೆ ಹೇಳಿದ ಆರೈಕೆಯನ್ನೂ ನೋವು ನಿವಾರಕವನ್ನೂ ಕೊಡಿಸಲಿ. ಎರಡೂ ಇಲ್ಲದೆ ಬಿಟ್ಟುಬಿಡುವುದು 1960ರ ಪ್ರಾಣಿ ಕ್ರೌರ್ಯ ತಡೆ ಕಾಯ್ದೆಯ ಪ್ರಕಾರವೂ ತಪ್ಪು.

ದಯಾಮರಣದ ನಿರ್ಧಾರ ಪಶುವೈದ್ಯರದ್ದು, ಅದೂ ಬರವಣಿಗೆಯಲ್ಲಿ. ನಮ್ಮ ರಾಜ್ಯದಲ್ಲಿ 2021ರಿಂದ ಜಾರಿಗೆ ಬಂದ ಕಾನೂನಿನಲ್ಲಿ ಆಕಳು ಎತ್ತುಗಳ ವಧೆಗೆ ವಯಸ್ಸಿನ ವಿನಾಯಿತಿ ಇಲ್ಲ. ಹೀಗಾಗಿ ಸ್ವತಃ ಏನೂ ಮಾಡಹೋಗಬಾರದು. ವೈದ್ಯರು ಮೊದಲು ಪೂರ್ತಿ ಅರಿವು ತಪ್ಪಿಸಿ, ನಂತರ ಹೃದಯ ನಿಲ್ಲುವ ಮದ್ದು ಕೊಡುತ್ತಾರೆ. ಅರಿವಳಿಕೆ ಇಲ್ಲದೆ ಎರಡನೆಯದನ್ನು ಕೊಡುವುದು ದಯೆಯಲ್ಲ, ಕೇಳಿ ಖಚಿತಪಡಿಸಿಕೊಳ್ಳಿ. ರಾಸಿಗೆ ಪರಿಚಯದ ಕೈ ಹಣೆಯ ಮೇಲಿರಲಿ. ಬೇರೆ ದನಗಳನ್ನು ಸ್ವಲ್ಪ ದೂರ ಕಟ್ಟಿರಿ.

ಮನೆ ಕಾಯುವ ಮುದಿನಾಯಿಗೂ ಇದೇ ಮಾತು ಅನ್ವಯಿಸುತ್ತದೆ. ಮನುಷ್ಯರ ನೋವಿನ ಗುಳಿಗೆ ಅದಕ್ಕೆ ಹಾಕಬೇಡಿ. ಹೊಟ್ಟೆಯಲ್ಲಿ ಹುಣ್ಣಾಗಿ, ಮೂತ್ರಪಿಂಡ ಕೆಟ್ಟು ಹೆಚ್ಚು ನರಳುತ್ತದೆ. ಬೆಕ್ಕಿಗಂತೂ ಪ್ಯಾರಾಸಿಟಮಾಲ್ ವಿಷವೇ.

ಔಷಧದ ಬಗ್ಗೆ ಇನ್ನೊಂದು ವಿಷಯ. ಡೈಕ್ಲೋಫೆನಾಕ್ ಚುಚ್ಚಿಸಿಕೊಂಡು ಸತ್ತ ದನವನ್ನು ತಿಂದು ರಣಹದ್ದುಗಳು ನಾಶವಾದವೆಂದು ತಿಳಿದ ಮೇಲೆ 2006ರಲ್ಲಿ ಅದನ್ನು ದನಗಳಿಗೆ ಕೊಡುವುದನ್ನು ನಿಷೇಧಿಸಲಾಯಿತು. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಕೂಡ ಹೋದವು. ಮೆಲಾಕ್ಸಿಕಾಂ ಹದ್ದುಗಳಿಗೆ ಸುರಕ್ಷಿತ, ದನದ ನೋವಿಗೂ ಸಾಕು. ದಯಾಮರಣದ ಮದ್ದು ಸಹ ಮಾಂಸದಲ್ಲಿ ಉಳಿದು ತಿಂದ ಪ್ರಾಣಿಯನ್ನು ಕೊಲ್ಲಬಲ್ಲದು. ನಮ್ಮ ಪಕ್ಕದ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅಲ್ಲಿ ತೋಳ, ಕತ್ತೆಕಿರುಬ ಇವೆ. ಹೆಣವನ್ನು ಹಳ್ಳಕ್ಕೆ ಎಸೆಯದೆ, ಕೆರೆ ಬಾವಿಗಳಿಂದ ದೂರ, ಆರೇಳು ಅಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ದಿಢೀರನೆ ಸತ್ತು ಮೂಗು, ಗುದದಿಂದ ಕಪ್ಪು ರಕ್ತ ಬಂದಿದ್ದರೆ ನೆರಡಿ ರೋಗದ ಸಂಶಯವಿರುವುದರಿಂದ ಕೊಯ್ಯುವುದು, ಚರ್ಮ ಸುಲಿಯುವುದು ಕೂಡದು.

ರಾಸಿಗೆ ವಿಮೆ ಇದ್ದರೆ, ಗುಣವಾಗದ ನರಳಾಟ ತಪ್ಪಿಸಲು ಪಶುವೈದ್ಯರ ಪ್ರಮಾಣಪತ್ರದ ಮೇಲೆ ಮಾಡಿದ ದಯಾಮರಣಕ್ಕೆ ಸಾಮಾನ್ಯವಾಗಿ ಪರಿಹಾರ ಸಿಗುತ್ತದೆ. ನಿಮ್ಮ ಪಾಲಿಸಿಯ ಷರತ್ತನ್ನು ಸಂಘದ ಕಾರ್ಯದರ್ಶಿಯಿಂದ ಓದಿಸಿಕೊಳ್ಳಿ. ವಿಮಾ ಕಚೇರಿಗೆ ಮೊದಲೇ ತಿಳಿಸಿ. ಕಿವಿಯ ಓಲೆಯನ್ನು ಕಿತ್ತಿಡಬೇಡಿ. ಓಲೆ ಕಿವಿಯಲ್ಲಿರುವಂತೆಯೇ ಫೋಟೋ ತೆಗೆಸಿ, ಮರಣೋತ್ತರ ಪರೀಕ್ಷೆಯ ವರದಿ ಕೈಗೆ ಬಂದ ಮೇಲೆ ಗುಂಡಿ ಮುಚ್ಚಿರಿ.